ಕೇಳಿದವರಿಗೆ ಸೇವೆ, ಕೇಳಿದ್ದು ಯಾರೆಂದು ಕೇಳಬೇಡಿ

ಸರ್ವರ್‌ನೊಳಗೆ ಎರಡು ಬಗೆಯ ನೌಕರರು. ಕೆಲಸವಿರಲಿ ಬಿಡಲಿ, ಸದಾ ಎಚ್ಚರವಿದ್ದು ಮೆಮೊರಿ ತಿನ್ನುವವರು ಒಂದು ಬಗೆ. ಕರೆದಾಗ ಎದ್ದು, ಕೆಲಸ ಮುಗಿಸಿ ಮಾಯವಾಗುವವರು ಇನ್ನೊಂದು. ಕೆಲವೇ ಮೆಗಾಬೈಟ್‌ನಲ್ಲಿ ಇಡೀ ವಿಭಾಗದ ಸಂಸಾರ ತೂಗಿಸಬೇಕಿದ್ದ ಕಾಲದಲ್ಲಿ ಬರ್ಕ್ಲಿಯ ಯುನಿಕ್ಸ್ ಪಂಡಿತರು ಎರಡನೆಯ ಬಗೆಗೇ ಮಣೆ ಹಾಕಿದರು. ಬಾಗಿಲಲ್ಲಿ ಒಬ್ಬ ದಫೇದಾರ ಕೂತಿರಲಿ, ಯಾರಾದರೂ ಬಂದರೆ ಒಳಗಿನವರನ್ನು ಎಬ್ಬಿಸಲಿ. 1986ರ 4.3 ಬಿಎಸ್‌ಡಿಯಲ್ಲಿ ಕೆಲಸಕ್ಕೆ ಸೇರಿದ ಆ ದಫೇದಾರನ ಹೆಸರು ಐನೆಟ್‌ಡಿ.

ಅವನ ಕೈಗೊಂದು ಕಾನ್ಫಿಗರೇಶನ್ ಫೈಲು ಕೊಟ್ಟರು. ಸಾಲಿಗೊಂದು ಸೇವೆ: ಹೆಸರು, ಸಾಕೆಟ್ ಬಗೆ, ಪ್ರೋಟೊಕಾಲ್, ಕಾಯಬೇಕೋ ಬೇಡವೋ, ಯಾವ ಯೂಸರ್ ಹೆಸರಲ್ಲಿ, ಯಾವ ಪ್ರೋಗ್ರಾಂ. ಎಲ್ಲಕ್ಕೂ ಕಲಂ ಇತ್ತು, ಬಂದವನು ಯಾರು ಎಂಬುದಕ್ಕೆ ಮಾತ್ರ ಇರಲಿಲ್ಲ.

ಆ ಫೈಲಿನಲ್ಲಿದ್ದ ಸೇವೆಗಳಾದರೂ ಎಂಥವು! 7ನೇ ಪೋರ್ಟಿನ ಎಕೋ, ಹೇಳಿದ್ದನ್ನೇ ತಿರುಗಿಸಿ ಹೇಳುತ್ತದೆ. 9ನೇ ಪೋರ್ಟಿನ ಡಿಸ್ಕಾರ್ಡ್, ಕೊಟ್ಟಿದ್ದನ್ನೆಲ್ಲ ವಿನಯದಿಂದ ಪಡೆದು ಎಸೆಯುತ್ತದೆ. 19ನೇ ಪೋರ್ಟಿನ ಚಾರ್ಜೆನ್, ಸುಮ್ಮನೆ ಅಕ್ಷರ ಉದುರಿಸುತ್ತದೆ. 1983ರಲ್ಲಿ ಜಾನ್ ಪೋಸ್ಟೆಲ್ ಪರೀಕ್ಷೆಗೆಂದು ಬರೆದಿಟ್ಟ ಇವು ಪರೀಕ್ಷೆ ಮುಗಿದರೂ ಮನೆಗೆ ಹೋಗಲಿಲ್ಲ. ಸುಳ್ಳು ವಿಳಾಸದ ಒಂದೇ ಒಂದು ಪ್ಯಾಕೆಟ್ ಕಳಿಸಿ ಎಕೋಗೂ ಚಾರ್ಜೆನ್‌ಗೂ ಗಂಟುಹಾಕಿದರೆ ಮುಗಿಯಿತು, ಅವನು ಉದುರಿಸುತ್ತಾನೆ, ಇವನು ತಿರುಗಿಸುತ್ತಾನೆ. ಯಂತ್ರ ಬೆವರು ಸುರಿಸಿ ದುಡಿಯುತ್ತದೆ. ಕೆಲಸ ಮಾತ್ರ ಏನೂ ಇಲ್ಲ. ಇದರ ಬಗ್ಗೆ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಸರ್ಟ್ ಸಂಸ್ಥೆ 1996ರಲ್ಲಿ ಎಚ್ಚರಿಕೆ ಕೊಡಬೇಕಾಯಿತು.

ಅದಕ್ಕೂ ಮುಂಚೆ, 1988ರ ನವೆಂಬರ್ 2ರಂದು, ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳು (ತಾನಾಗಿ ಹರಡುವ ಪ್ರೋಗ್ರಾಂ) ಇದೇ ಬಾಗಿಲಿಗೆ ಬಂದಿತ್ತು. ಒಳಗೆ ಯಾರಿದ್ದಾರೆ ಎಂದು ಹೇಳುವ ಫಿಂಗರ್ ಸೇವೆಯನ್ನು ದಫೇದಾರ ಎಂದಿನ ನಿಷ್ಠೆಯಿಂದ ಎಬ್ಬಿಸಿದ. ಅದು ಪ್ರಶ್ನೆಗೆಂದು 512 ಬೈಟ್ ಜಾಗ ಇಟ್ಟುಕೊಂಡಿತ್ತು. ಹುಳು ಅದಕ್ಕಿಂತ ಉದ್ದದ ಪ್ರಶ್ನೆ ಕೇಳಿತು. ಉತ್ತರವಾಗಿ ಇಡೀ ಯಂತ್ರವೇ ಸಿಕ್ಕಿತು.

ಆಮೇಲೆ ಬುದ್ಧಿ ಬಂತು. 1990ರಲ್ಲಿ ನೆದರ್‌ಲ್ಯಾಂಡ್ಸ್‌ನ ವೀಟ್ಸೆ ವೆನೆಮಾ ಟಿಸಿಪಿ ರ‍್ಯಾಪರ್ ಬರೆದು, ದಫೇದಾರನ ಪಕ್ಕದಲ್ಲಿ ವಿಳಾಸ ವಿಚಾರಿಸುವ ಇನ್ನೊಬ್ಬನನ್ನು ನಿಲ್ಲಿಸಿದರು. ಮುಂದೆ ಎಕ್ಸ್‌ಐನೆಟ್‌ಡಿ ಬಂದು ಎರಡೂ ಹುದ್ದೆಯನ್ನು ಒಬ್ಬನಿಗೇ ವಹಿಸಿತು. ಅದರ ಫೈಲಿನಲ್ಲಿ ಸೇವೆ ಶುರುವಾಗಲಿ ಎನ್ನಲು 'ಡಿಸೇಬಲ್ = ನೋ' ಎಂದು ಬರೆಯಬೇಕು. ಬೇಡವೆನ್ನುವುದು ಬೇಡ ಎಂದರೆ ಬೇಕು! ವಿಧೇಯಕ ಬರೆಯುವವರು ಕೂಡ ಇಷ್ಟು ಚೊಕ್ಕವಾಗಿ ಹೇಳಲಾರರು.

2010ರಲ್ಲಿ ಲಿನಕ್ಸ್‌ಗೆ ಬಂದ ಸಿಸ್ಟಮ್‌ಡಿ ಕೆಲಸವನ್ನು ಇನ್ನಷ್ಟು ಸರಳಗೊಳಿಸಿತು, ಅಂದರೆ ಒಂದು ಸಾಲಿದ್ದ ಕಡೆ ಎರಡು ಫೈಲು ಮಾಡಿತು: ಬಾಗಿಲಿಗೊಂದು ಸಾಕೆಟ್ ಫೈಲು, ಒಳಗಿನವನಿಗೊಂದು ಸರ್ವಿಸ್ ಫೈಲು. 2022ರ ಉಬುಂಟು 22.10ರಲ್ಲಿ ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಕೂಡ ಕರೆದಾಗ ಏಳುವ ಬಳಗಕ್ಕೆ ಸೇರಿತು. ಅಡ್ಮಿನ್‌ಗಳು ಹಳೆಯ ಅಭ್ಯಾಸದಂತೆ ಎಸ್‌ಎಸ್‌ಎಚ್‌ನ ಫೈಲಿನಲ್ಲಿ ಪೋರ್ಟ್ ಬದಲಿಸಿದರು. ಬಾಗಿಲು ಅಲ್ಲಾಡಲಿಲ್ಲ, ಅದರ ಯಜಮಾನಿಕೆ ಆಗ ಸಾಕೆಟ್ ಫೈಲಿನದಾಗಿತ್ತು. ಅಲ್ಲಿ ಹೊಸ ಪೋರ್ಟ್ ಬರೆದರೂ, ಮೊದಲು ಪೋರ್ಟಿನ ಜಾಗ ಖಾಲಿ ಬಿಟ್ಟ ಒಂದು ಸಾಲು ಬರೆದು ಹಳೆಯದನ್ನು ಅಳಿಸದಿದ್ದರೆ ಎರಡೂ ಬಾಗಿಲು ತೆರೆದಿರುತ್ತಿದ್ದವು. ಇಷ್ಟೆಲ್ಲ ಯಾತಕ್ಕೆ? ಸುಮಾರು ಮೂರು ಮೆಗಾಬೈಟ್ ಮೆಮೊರಿ ಉಳಿಸಲು. ಈ ಬದಲಾವಣೆಯನ್ನು ಅರ್ಥಮಾಡಿಕೊಳ್ಳಲು ಅಡ್ಮಿನ್ ಬ್ರೌಸರ್‌ನಲ್ಲಿ ತೆರೆಯುವ ಒಂದು ಟ್ಯಾಬ್ ಅದರ ಹತ್ತಾರು ಪಟ್ಟು ನುಂಗುತ್ತದೆ.

ಕರೆದಾಗ ಏಳುವ ಇದೇ ವಿದ್ಯೆಗೆ ಈಗ ಸರ್ವರ್‌ಲೆಸ್ ಎಂದು ನಾಮಕರಣವಾಗಿದೆ. 2014ರಲ್ಲಿ ಅಮೆಜಾನ್ ಲ್ಯಾಂಬ್ಡಾ ತಂದಾಗ ಜಗತ್ತು ಬೆರಗಾಯಿತು: ಕರೆ ಬಂದಾಗ ಮಾತ್ರ ಪ್ರೋಗ್ರಾಂ ಏಳುತ್ತದಂತೆ! ವ್ಯತ್ಯಾಸ ಇಲ್ಲವೆನ್ನಲಾಗದು. ಐನೆಟ್‌ಡಿ ಸಂಬಳ ಕೇಳುತ್ತಿರಲಿಲ್ಲ. ಇವನು ಮಿಲಿಸೆಕೆಂಡ್ ಲೆಕ್ಕದಲ್ಲಿ ಬಿಲ್ ಹಾಕುತ್ತಾನೆ. ಒಂದೇ ನಿಮಿಷದಲ್ಲಿ ಮಿತಿಮೀರಿ ಕರೆ ಬಂದರೆ ಆ ಮುದುಕ ಅನುಮಾನಪಟ್ಟು ಹತ್ತು ನಿಮಿಷ ಬಾಗಿಲು ಮುಚ್ಚುತ್ತಿದ್ದ. ಹೊಸಬನಿಗೆ ಅಂಥ ಅನುಮಾನವಿಲ್ಲ. ಮಿತಿ ಹಾಕುವುದನ್ನು ನೀವು ಮರೆತಿದ್ದರೆ, ಕಳ್ಳ ಹತ್ತು ಲಕ್ಷ ಸಲ ಬಾಗಿಲು ಬಡಿದರೂ ಹತ್ತು ಲಕ್ಷ ಸಲ ಸಲಾಂ ಹೊಡೆದು ಎದ್ದು, ಲೆಕ್ಕವನ್ನು ತಿಂಗಳ ಕೊನೆಗೆ ಮನೆಯವರಿಗೆ ಕಳಿಸುತ್ತಾನೆ.