ದವಡೆಯಲ್ಲೊಂದು ಪಿಗ್ಮಿ ಖಾತೆ

ಮಣಿಪಾಲದ ಹಲ್ಲಿನ ಡಾಕ್ಟರುಗಳು ಬಾಯಿ ತೆರೆಯದ ಮಕ್ಕಳಿಗೆ ಹೆದರುವುದಿಲ್ಲ. ಅವರು ಹೆದರುವುದು ಬಾಯಿ ಮುಚ್ಚದ ನಿವೃತ್ತ ಬ್ಯಾಂಕ್ ಮೆನೇಜರಿಗೆ. ಇವರು ಪೈ ಮಾಮ್ ಇರಬಹುದು, ಶೆಟ್ರಿರಬಹುದು, ರಾಯರಿರಬಹುದು. ಜಾತಿ ಮುಖ್ಯವಲ್ಲ, ಯಾವ ಸ್ಕೇಲಿನಲ್ಲಿ ರಿಟೈರ್ ಆದರು ಎಂಬುದು ಮುಖ್ಯ. ಕಾಪುವಿನಿಂದಲೋ ಕಾರ್ಕಳದಿಂದಲೋ ಬಸ್ಸು ಹಿಡಿದು ಟೈಗರ್ ಸರ್ಕಲ್ಲಿನಲ್ಲಿ ಇಳಿದು, ಆಟೋದವನು ಹೇಳಿದ ರೇಟು ಕೇಳಿ ನಡೆದೇ ಬರುತ್ತಾರೆ. ಕೋರಿ ರೊಟ್ಟಿಗೋ ಚಕ್ಕುಲಿಗೋ ಬಲಿಯಾದ ಕೆಳದವಡೆಯ ಹಲ್ಲೊಂದರ ಜಾಗ ಖಾಲಿ ಬಿದ್ದಿದೆ, ಅಲ್ಲಿಗೆ ಇಂಪ್ಲಾಂಟ್ ಬೇಕು. ಕುರ್ಚಿ ಹಿಂದಕ್ಕೆ ವಾಲುವ ಮೊದಲೇ ಪ್ರಶ್ನೆಗಳು ಶುರು: “ಎಷ್ಟಾಗ್ತದೆ ಡಾಕ್ಟ್ರೇ? ಎಷ್ಟು ಸಮಯ ಬೇಕು? ಗ್ಯಾರಂಟಿ ಎಷ್ಟು ವರ್ಷದ್ದುಂಟು?” ಹೊರಗೆ ಕಾಯುವವರು ವಾಚು ನೋಡಿಕೊಳ್ಳುತ್ತಾರೆ, ಸಹಾಯಕಿ ನಗು ತಡೆಯಲು ಮಾಸ್ಕ್ ಮೇಲಕ್ಕೆಳೆದುಕೊಳ್ಳುತ್ತಾಳೆ. ಇವರನ್ನು ಪೀಡೆ ಎನ್ನುವವರೇ ಹೆಚ್ಚು. ನನ್ನ ವಾದ ಬೇರೆ. ಇಂಪ್ಲಾಂಟ್ ಎಂಬ ಚಿಕಿತ್ಸೆಗೆ ಇವರಷ್ಟು ಯೋಗ್ಯ ರೋಗಿ ಇನ್ನೊಬ್ಬರಿಲ್ಲ. ಹಲ್ಲು ಕೂರಿಸಿಕೊಳ್ಳಲು ಹೊರಟವರು ಏನನ್ನು ನಿರೀಕ್ಷಿಸಬೇಕು ಎಂದು ತಿಳಿಯಬೇಕಿದ್ದರೆ ಇವರ ಪ್ರಶ್ನೆಗಳನ್ನೇ ಕದ್ದು ಕೇಳಿಸಿಕೊಂಡರೆ ಸಾಕು.

ಕಾಯುವ ವಿದ್ಯೆಯಿಂದಲೇ ಆರಂಭಿಸೋಣ. ಅದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಮಣಿಪಾಲದ ಗುಡ್ಡ ಮೆನೇಜರನ್ನೂ ಡಾಕ್ಟರನ್ನೂ ಹೆಚ್ಚುಕಡಿಮೆ ಒಟ್ಟಿಗೇ ಸಾಕಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮುಖ್ಯ ಕಚೇರಿ ಮಣಿಪಾಲಕ್ಕೆ ಬಂದದ್ದು 1964ರಲ್ಲಿ, ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಅದೇ 1965ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯ, ಹುಟ್ಟಿನಿಂದಲೇ ದವಡೆಯ ದೋಷವಿದ್ದ ಯೋಸ್ತಾ ಲಾರ್ಸನ್ ಎಂಬಾತನಿಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದರು. ಆ ಬೇರುಗಳು ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ಇದಕ್ಕೆಲ್ಲ ಮೂಲ 1952ರಲ್ಲಿ ನಡೆದ ಮೊಲದ ಕಾಲಿನ ಪ್ರಯೋಗ. ಮೂಳೆಯೊಳಗಿನ ರಕ್ತಸಂಚಾರ ನೋಡಲು ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ತನ್ನದೆಂದು ಹಿಡಿದುಬಿಟ್ಟಿತ್ತು. ಈ ಕಥೆ ಮೆನೇಜರಿಗೆ ಬಹಳ ಇಷ್ಟ. ಕೊಟ್ಟದ್ದು ವಾಪಸು ಬಾರದಿದ್ದರೆ ಅವರ ಕಚೇರಿಯಲ್ಲಿ ಅದಕ್ಕೆ ಕೆಟ್ಟ ಸಾಲವೆಂದು ಹೆಸರು. ಅದೇ ಯಶಸ್ಸು ಎನಿಸಿಕೊಳ್ಳುವ ಒಂದು ಕ್ಷೇತ್ರವೂ ಲೋಕದಲ್ಲಿದೆ ಎಂದು ತಿಳಿದಾಗ ಅವರ ಮುಖದಲ್ಲಿ ಕಾಣುವ ಅಸೂಯೆ ನೋಡುವಂಥದ್ದು.

ಆ ಹಿಡಿತಕ್ಕೆ ಸಮಯ ಬೇಕು. ಬ್ರೋನೆಮಾರ್ಕ್ ಹಾಕಿಕೊಟ್ಟ ಹಳೆಯ ಲೆಕ್ಕದಲ್ಲಿ ಗಟ್ಟಿ ಮೂಳೆಯ ಕೆಳದವಡೆಗೆ ಮೂರು ತಿಂಗಳು, ಮೆತ್ತಗಿನ ಮೇಲ್ದವಡೆಗೆ ಆರು ತಿಂಗಳು. ಈಗ ಆ ಬೇರಿನ, ಅಂದರೆ ಸ್ಕ್ರೂವಿನ, ಮೈಯನ್ನು ತರಿತರಿಯಾಗಿಸಿ ತಯಾರಿಸುವುದರಿಂದ ಎಷ್ಟೋ ಮಂದಿಗೆ ಇನ್ನೂ ಬೇಗ ಆಗುತ್ತದೆ. ಹಲ್ಲು ಕಿತ್ತು ವರ್ಷಗಳಾಗಿ ಮೂಳೆ ಸವೆದಿದ್ದರೆ ಲೆಕ್ಕ ತಿರುಗುತ್ತದೆ. ಮೊದಲು ಮೂಳೆಯ ಪುಡಿ ತುಂಬಿಸಿ ಕೆಲವು ತಿಂಗಳು ಕಾದು, ಆಮೇಲೆ ಸ್ಕ್ರೂ, ಆಮೇಲೆ ಮತ್ತೆ ಕಾಯುವುದು. ಬೇರೆ ರೋಗಿಗಳು ಇದನ್ನು ಕೇಳಿ ಎದ್ದು ಹೋಗುತ್ತಾರೆ. ಮೆನೇಜರು ಏಳುವುದಿಲ್ಲ. ಅವಧಿ ತುಂಬುವ ಮೊದಲು ಡೆಪಾಸಿಟ್ ಮುರಿದವರಿಗೆ ಏನಾಗುತ್ತದೆಂದು ಮೂವತ್ತೈದು ವರ್ಷ ಕೌಂಟರಿನ ಈಚೆಯಿಂದ ಬೋಧಿಸಿದವರು ಅವರು. ಆ ಬೋಧನೆ ಇಲ್ಲಿ ಅಕ್ಷರಶಃ ನಿಜ. ಸ್ಕ್ರೂ ಹಾಕಿದ ದಿನ ಅದು ಬಿಗಿಯಾಗಿರುವುದು ಬರೀ ತಿರುಪಿನ ಬಲದಿಂದ. ಮುಂದಿನ ವಾರಗಳಲ್ಲಿ ಸುತ್ತಲಿನ ಹಳೆಯ ಮೂಳೆ ಕರಗಿ ಹೊಸದು ಕಟ್ಟಿಕೊಳ್ಳಬೇಕು. ಮೂರನೆಯ ವಾರದ ಆಸುಪಾಸಿನಲ್ಲಿ, ನೋವೆಲ್ಲ ಹೋಗಿ ಮನುಷ್ಯನಿಗೆ ಧೈರ್ಯ ಬಂದಿರುವ ಹೊತ್ತಿನಲ್ಲೇ, ಹಿಡಿತ ಅತ್ಯಂತ ದುರ್ಬಲವಾಗಿರುತ್ತದೆ. ಚಕ್ಕುಲಿ ಡಬ್ಬದ ಮುಚ್ಚಳ ತೆರೆಯುವುದೂ ಸಾಧಾರಣ ಆಗಲೇ.

ಖರ್ಚಿನ ಪ್ರಶ್ನೆಗೆ ಜನ ಹೆಚ್ಚು ನಗುತ್ತಾರೆ, ಆದರೆ ಹೆಚ್ಚು ಉಪಯೋಗದ ಪ್ರಶ್ನೆ ಅದೇ. ಹಲ್ಲೊಂದಕ್ಕೆ ಐದಂಕಿಯ ಮೊತ್ತ, ವಿಮೆ ಸಾಮಾನ್ಯವಾಗಿ ಕೈ ತೊಳೆದುಕೊಳ್ಳುತ್ತದೆ. ಮೆನೇಜರು ಒಟ್ಟು ಮೊತ್ತ ಕೇಳಿ ಸುಮ್ಮನಾಗುವುದಿಲ್ಲ, ಬಿಡಿ ಬಿಡಿಯಾಗಿ ಬೇಕು. ಸ್ಕ್ಯಾನಿಗೆಷ್ಟು, ಮೂಳೆಯೊಳಗಿನ ಸ್ಕ್ರೂವಿಗೆಷ್ಟು, ಅದರ ಮೇಲೆ ಕೂರುವ ನಡುವಿನ ತುಂಡಿಗೆಷ್ಟು, ಕ್ಯಾಪಿಗೆಷ್ಟು, ಮೂಳೆಯ ಪುಡಿ ಬೇಕಾದರೆ ಅದು ಒಳಗೋ ಹೊರಗೋ? ಇಂಪ್ಲಾಂಟ್ ಎಂದರೆ ಹೀಗೆ ಮೂರು ತುಂಡುಗಳ ಜೋಡಣೆ ಎಂಬುದು ಅನೇಕರಿಗೆ ಗೊತ್ತಾಗುವುದು ಎರಡನೆಯ ಬಿಲ್ಲು ಬಂದಾಗ. ಕಡಿಮೆಗೆ ಬೇಕೆಂದರೆ ದಂತ ಕಾಲೇಜುಗಳಿವೆ. ಅಲ್ಲಿ ಪ್ರೊಫೆಸರರ ಕಣ್ಣಳತೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಹಣ ಉಳಿಯುತ್ತದೆ, ದಿನಗಳು ಹೋಗುತ್ತವೆ. ಮೆನೇಜರ ಹತ್ತಿರ ಈಗ ದಿನಗಳಿಗೆ ಬರವಿಲ್ಲ. ಅಲ್ಲದೆ ಮೂವರು ವಿದ್ಯಾರ್ಥಿಗಳು ಸುತ್ತ ನಿಂತು ತಾವು ಹೇಳುವುದನ್ನು ಕೇಳಿಸಿಕೊಳ್ಳುವ ಭಾಗ್ಯ ರಿಟೈರಾದ ಮೇಲೆ ಅವರಿಗೆ ಬೇರೆಲ್ಲೂ ಸಿಕ್ಕಿಲ್ಲ.

ಆಪರೇಷನ್ ದಿನದ ಬಗ್ಗೆ ಜನರಿಗಿರುವಷ್ಟು ಹೆದರಿಕೆಗೆ ಕಾರಣವಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ನೋವು ಗೊತ್ತಾಗುವುದಿಲ್ಲ, ಒತ್ತಡ ಮತ್ತು ಗುಂಯ್ ಶಬ್ದ ಗೊತ್ತಾಗುತ್ತವೆ. ನಡುವೆ ಸುರಿಸುವ ತಣ್ಣನೆಯ ಸಲೈನ್ ಸುಮ್ಮನೆ ಉಪಚಾರಕ್ಕಲ್ಲ. ಮೂಳೆಯ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ನಿಮಿಷ ನಿಂತರೂ ಅದಕ್ಕೆ ಪೆಟ್ಟಾಗುತ್ತದೆ, ಸ್ಕ್ರೂ ಹಿಡಿಯದೇ ಹೋಗಬಹುದು. ಎರಡು ಮೂರು ದಿನ ಕೆನ್ನೆ ಊದುತ್ತದೆ, ಮಾತ್ರೆಗೆ ಬಗ್ಗುವಷ್ಟು ನೋವಿರುತ್ತದೆ, ಹೊಲಿಗೆ ಬಿಚ್ಚುವುದು ಸುಮಾರು ವಾರ ಹತ್ತು ದಿನಕ್ಕೆ. ಮರುದಿನವೂ ತುಟಿ ಜೋಮು ಹಿಡಿದಂತೆಯೇ ಇದ್ದರೆ ಮಾತ್ರ ತಡಮಾಡದೆ ಫೋನ್ ಮಾಡಬೇಕು, ಕೆಳದವಡೆಯಲ್ಲಿ ನರವೊಂದು ಹಾದುಹೋಗುತ್ತದೆ. ಪಥ್ಯದ ವಿಷಯದಲ್ಲಿ ನಮ್ಮ ಕರಾವಳಿಯವರು ಪುಣ್ಯವಂತರು. ಬೇರೆ ಊರಿನವರು ಮೆತ್ತಗಿನ ಆಹಾರ ಯಾವುದೆಂದು ಪಟ್ಟಿ ಕೇಳುತ್ತಾರೆ, ಇಲ್ಲಿ ಕುಚ್ಚಲಕ್ಕಿ ಗಂಜಿ ಎಂದರೆ ಮುಗಿಯಿತು. ಆರಿಸಿ ಉಣ್ಣಬೇಕಷ್ಟೆ. ಎಲೆ ಅಡಿಕೆ, ಬೀಡಿ ಸಿಗರೇಟುಗಳ ವಿಷಯಕ್ಕೆ ಬಂದಾಗ ಮೆನೇಜರು ಚೌಕಾಸಿಗೆ ಇಳಿಯುತ್ತಾರೆ: “ದಿನಕ್ಕೆ ಒಂದು ಆಗ್ಲಿಕ್ಕಿಲ್ವಾ ಡಾಕ್ಟ್ರೇ?” ಆಗಲಿಕ್ಕಿಲ್ಲ. ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವುದು ಹೆಚ್ಚು, ಹತೋಟಿ ಇಲ್ಲದ ಶುಗರಿನವರಲ್ಲೂ ಅಪಾಯ ಜಾಸ್ತಿ. ವಯಸ್ಸಿನ ಭಯ ಬೇಡ, ಎಪ್ಪತ್ತು ದಾಟಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ವಾಪಸು ಕಳಿಸುವುದಿಲ್ಲ.

ಇಷ್ಟೆಲ್ಲ ಕಾಯುವುದು ಹಳೇ ಕಾಲದ ಕಥೆ, ಒಂದೇ ದಿನದಲ್ಲಿ ಹಲ್ಲು ಕೂರಿಸುತ್ತಾರಂತಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಹೌದು, ಕೂರಿಸುತ್ತಾರೆ. ಮೂಳೆ ಚೆನ್ನಾಗಿದ್ದು, ಸ್ಕ್ರೂ ಆರಂಭದಲ್ಲೇ ಭದ್ರವಾಗಿ ಕೂತರೆ, ಆಯ್ದ ರೋಗಿಗಳಿಗೆ ಅದು ಒಳ್ಳೆಯ ಪದ್ಧತಿಯೇ. ಆದರೆ ಅಂದು ಸಿಗುವುದು ತಾತ್ಕಾಲಿಕ ಹಲ್ಲು. ಒಂಟಿ ಹಲ್ಲಾದರೆ ಎದುರಿನ ಹಲ್ಲಿಗೆ ತಾಗದ ಹಾಗೆ ಗಿಡ್ಡ ಮಾಡಿಯೇ ಇಡುತ್ತಾರೆ. ಮದುವೆಯ ಫೋಟೋಕ್ಕೆ ಆಗುತ್ತದೆ, ಮದುವೆಯ ಊಟಕ್ಕೆ ಆಗುವುದಿಲ್ಲ. ಮೂಳೆಗೆ ಜಾಹೀರಾತು ಓದುವ ಅಭ್ಯಾಸವಿಲ್ಲ, ಅದು ತನ್ನ ತಿಂಗಳುಗಳನ್ನು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಜಾಹೀರಾತಿನ ಕೆಳಗಿನ ಸಣ್ಣ ಅಕ್ಷರ ಓದುವ ಚಟವಿರುವ ನಮ್ಮ ಮನುಷ್ಯ ಇಲ್ಲಿ ಮೋಸ ಹೋಗುವುದಿಲ್ಲ, ಯಾಕೆಂದರೆ ಅಂಥ ಅಕ್ಷರಗಳನ್ನು ಬರೆಯುತ್ತಿದ್ದವರು ಇವರೇ.

ಇನ್ನು ಗ್ಯಾರಂಟಿ. ಮೆನೇಜರು ಎಡವುವುದು ಇಲ್ಲಿ, ಎದ್ದು ನಿಲ್ಲುವುದೂ ಇಲ್ಲೇ. ಹತ್ತು ವರ್ಷದ ನಂತರವೂ ಬಾಯಲ್ಲಿ ಉಳಿದಿರುವ ಇಂಪ್ಲಾಂಟುಗಳ ಪ್ರಮಾಣ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಹಾಗಿದ್ದರೆ ನಿಶ್ಚಿಂತೆ ಎಂದು ನಾವು ನೀವು ಮನೆಗೆ ಹೋಗುತ್ತೇವೆ. ಅವರು ಹೋಗುವುದಿಲ್ಲ. “ಖಾತೆ ಓಪನ್ ಉಂಟು ಅಂತ ಹೇಳಿದ್ರಿ, ಸರಿಯಾಗಿ ನಡೀತಾ ಉಂಟಾ ಅಂತ ಹೇಳ್ಲಿಲ್ಲ” ಎನ್ನುತ್ತಾರೆ. ಇದಕ್ಕಿಂತ ಚುರುಕಾದ ಪ್ರಶ್ನೆ ಕಷ್ಟ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2015ರ ಒಂದು ವಿಮರ್ಶೆಯ ಪ್ರಕಾರ ಇಂಪ್ಲಾಂಟ್ ಇರುವವರಲ್ಲಿ ಸುಮಾರು ಶೇಕಡಾ 22 ಮಂದಿಗೆ ಅದರ ಸುತ್ತ ಸೋಂಕು ತಗಲಿ ಮೂಳೆ ಸವೆಯುವ ತೊಂದರೆ ಇತ್ತು. ಎರಡು ಅಂಕಿಗಳೂ ನಿಜ. ಉಳಿಯುವುದು ಒಂದು, ಆರೋಗ್ಯವಾಗಿ ಉಳಿಯುವುದು ಇನ್ನೊಂದು. ಟೈಟಾನಿಯಮ್ಮಿಗೆ ಹುಳುಕು ಹಿಡಿಯುವುದಿಲ್ಲ, ಅದರ ಪಕ್ಕದ ವಸಡಿಗೆ ಕೊಳೆ ಹಿಡಿಯುತ್ತದೆ. ಬಹಳ ಮುಂದುವರಿಯುವ ತನಕ ನೋವೂ ಇರುವುದಿಲ್ಲ, ಉಜ್ಜುವಾಗ ರಕ್ತ ಕಾಣಿಸಿದರೆ ಅದೇ ಸೂಚನೆ. ಆದ್ದರಿಂದ ದಿನಾ ಸಣ್ಣ ಬ್ರಷ್ಷಿನಿಂದ ಸಂದಿ ತಿಕ್ಕಬೇಕು, ವರ್ಷಕ್ಕೊಂದೆರಡು ಸಲ ತೋರಿಸಬೇಕು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ. ಇಂಪ್ಲಾಂಟಿನ ಆಯುಸ್ಸು ಕೂಡುವುದೂ ಆ ಎರಡಾಣೆಯ ರೀತಿಯಲ್ಲೇ, ಏಜೆಂಟು ಮಾತ್ರ ಬರುವುದಿಲ್ಲ.

ಈ ಮಹಾಶಯರಿಂದ ಬೇರೆಯವರ ಸರದಿ ತಡವಾಗುವುದಿಲ್ಲವೇ? ಆಗುತ್ತದೆ, ಒಪ್ಪಬೇಕು. ಡಾಕ್ಟರರ ಮೇಲೆ ಸಂಶಯಪಟ್ಟಂತಲ್ಲವೇ? ಅಲ್ಲ. ಪ್ರಶ್ನೆ ಕೇಳದೆ ತಲೆಯಾಡಿಸಿದವರೇ ಆರು ತಿಂಗಳಾದ ಮೇಲೆ ಮೋಸವಾಯಿತೆಂದು ಊರಿಡೀ ಹೇಳಿಕೊಂಡು ಬರುವವರು. ಎಲ್ಲರಿಗೂ ಇಂಪ್ಲಾಂಟೇ ಆಗಬೇಕೆಂದೂ ಇಲ್ಲ. ಅಕ್ಕಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪು ಬೇಕಾಗಿದ್ದರೆ ಬ್ರಿಡ್ಜು ಸಾಕು, ಕೈಯಲ್ಲಿ ದುಡ್ಡಿಲ್ಲದಿದ್ದರೆ ತೆಗೆದು ಹಾಕುವ ಸೆಟ್ಟಿನಲ್ಲೂ ಗೌರವಾನ್ವಿತ ಜೀವನ ಸಾಧ್ಯ. ಇದನ್ನೂ ಡಾಕ್ಟರರ ಬಾಯಿಂದ ಹೊರಡಿಸುವುದು ಮೆನೇಜರೇ, ತೀರ್ಮಾನವಾದ ಮೇಲೂ “ಬೇರೆ ಎಂತ ದಾರಿ ಉಂಟು?” ಎಂದು ಕೇಳಿ.

ಅವರ ಕಡೆಯ ಬೇಡಿಕೆಗೆ ಕ್ಲಿನಿಕ್ಕಿನಲ್ಲಿ ಎಲ್ಲರೂ ನಗುತ್ತಾರೆ. ಇಂಪ್ಲಾಂಟಿನ ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಅವರಿಗೆ ಬೇಕು, ಕಂಪನಿಯ ಹೆಸರು, ಅಳತೆ, ಬ್ಯಾಚ್ ನಂಬರು ಸಮೇತ. ಮಗ ಅಮೆರಿಕದಲ್ಲಿದ್ದಾನೆ, ಬೇಸಿಗೆಯಲ್ಲಿ ಅಲ್ಲಿಗೆ ಹೋಗುವುದುಂಟು. ಕ್ಯಾಪಿನ ಒಳಗಿನ ಸ್ಕ್ರೂ ಸಡಿಲವಾಗುವುದು ಅಪರೂಪವೇನಲ್ಲ, ಕಂಪನಿ ಬದಲಾದರೆ ತಿರುಪುಳಿಯೂ ಬದಲಾಗಬಹುದು. ಯಾವ ಕಂಪನಿಯದೆಂದು ಗೊತ್ತಿಲ್ಲದೆ ಅಲ್ಲಿನ ಡಾಕ್ಟರು ಎಕ್ಸ್-ರೇ ಹಿಡಿದು ಊಹಿಸುತ್ತಾ ಕೂರುವ ಪಾಡು ಬೇಡ ಎಂಬುದು ಅವರ ವಾದ, ಅದು ನೂರಕ್ಕೆ ನೂರು ಸರಿ. ಸಹಾಯಕಿ ಚೀಟಿ ಕೊಟ್ಟರೆ ಅವರು ಅದನ್ನು ಬೆಳಕಿಗೆ ಹಿಡಿದು ಓದಿ, ವಾಪಸು ಚಾಚುತ್ತಾರೆ: “ಇದರ ಎರಡು ಝೆರಾಕ್ಸ್ ಬೇಕಿತ್ತು ಮಗಾ, ಸೀಲು ಹಾಕಿ.”