ಶ್ವಾನ-ಕುಕ್ಕುಟ ಸಮಾಗಮ ಮೀಮಾಂಸೆ

ಹಿತ್ತಲ ಕೋಳಿಗಳಿಗೆ ಮನೆಯ ನಾಯಿಯನ್ನು ಪರಿಚಯಿಸುವ ವಿಧಿಯ ಬಗ್ಗೆ ಗದುಗಿನ ನಾರಣಪ್ಪ ಒಂದು ಮಾತು ಹೇಳಬಹುದಿತ್ತು. ಆದರೆ ಆತ ಭಾರತವನ್ನು ಗದಾಪರ್ವಕ್ಕೇ ನಿಲ್ಲಿಸಿದ. ಹೀಗಾಗಿ ಧರ್ಮರಾಯನ ಬೆನ್ನುಹತ್ತಿ ಸ್ವರ್ಗಕ್ಕೆ ನಡೆದ ನಾಯಿ ವೀರನಾರಾಯಣನ ಗುಡಿಯ ಕಂಬದ ತನಕ ಬರಲೇ ಇಲ್ಲ.

ಉಳಿದ ಆಧಾರ ಜನ್ನ. ಅವನ 1209ರ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಅರಸನೂ ಅವನ ತಾಯಿಯೂ ಮರುಹುಟ್ಟಿನಲ್ಲಿ ನವಿಲು, ನಾಯಿಯಾಗಿ ಅದೇ ಅರಮನೆ ಸೇರುತ್ತಾರೆ, ನಾಯಿ ನವಿಲನ್ನು ಕೊಲ್ಲುತ್ತದೆ. ನವಿಲೂ ಕೋಳಿಯ ಕುಲದ್ದೇ. ಹೆತ್ತ ತಾಯಿ ಮಗನ ಗುರುತು ಹಿಡಿಯಲಿಲ್ಲವೆಂದರೆ ಲಕ್ಷ್ಮೇಶ್ವರದ ಸಂತೆಯಲ್ಲಿ ಕೊಂಡ ಗಿರಿರಾಜ ಕೋಳಿಯ ಪಾಡೇನು? ಇದು ಪೂರ್ವಪಕ್ಷ.

ಸಮಾಧಾನ: ತಪ್ಪು ನಾಯಿಯ ಮನಸ್ಸಿನದಲ್ಲ, ಕೋಳಿಯ ರೆಕ್ಕೆಯದು. ಅದು ಪಟಪಟ ಬಡಿದು ಓಡಿದರೆ ಎಂಥ ಸಾಧು ನಾಯಿಯೂ ಅಟ್ಟುತ್ತದೆ. ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಮುಧೋಳ ತಳಿಯ ಮಾತಂತೂ ಬೇಡ. 2005ರಲ್ಲಿ ಅದು ಅಂಚೆಚೀಟಿ ಏರಿತು. ಅಲ್ಲಿರುವ ನಾಯಿಯ ಮುಂದೆ ಮಾತ್ರ ಹ್ಯಾಟಿಯನ್ನು ಧೈರ್ಯವಾಗಿ ಬಿಡಬಹುದು.

ವಿಧಿಯಲ್ಲಿ ಎರಡು ಮತಗಳಿವೆ. ಮಗ್ಗವೇ ಮನೆ ತುಂಬಿದ ಬೆಟಗೇರಿಯಲ್ಲಿ ಕೋಳಿಯನ್ನು ಬುಟ್ಟಿಯಡಿ ಮುಚ್ಚಿ ನಾಯಿಯನ್ನು ಬಿಡುವುದು ಒಂದು. ನಾಯಿ ಬುಟ್ಟಿಗೆ ಪ್ರದಕ್ಷಿಣೆ ಹಾಕುತ್ತದೆ, ಭಕ್ತಿಯಿಂದಲ್ಲ. ಮುಂಡರಗಿ ಕಡೆಯ ಹೊಲಮನೆಗಳಲ್ಲಿ ನಾಯಿಯನ್ನು ಕಟ್ಟಿ ಕೋಳಿಗಳನ್ನು ಬಿಡುವುದು ಇನ್ನೊಂದು. ನಮಗೆ ಇದೇ ಮಾನ್ಯ. ಮೊದಲು ಹೊಟ್ಟೆತುಂಬ ರೊಟ್ಟಿ, ಆಮೇಲೆ ಗಿಡ್ಡ ಹಗ್ಗ, ಹಗ್ಗಕ್ಕೆ ನಿಲುಕದಷ್ಟು ದೂರದಲ್ಲಿ ಜೋಳದ ನುಚ್ಚು. ನೋಡಿ ನೋಡಿ ಬ್ಯಾಸರಾಗಿ ನಾಯಿ ಮುಖ ತಿರುವಿ ಮಲಗಿತೋ, ಅಂದಿನ ಪಾಠ ಮುಗಿಯಿತು. ಇದು ವಾರಗಟ್ಟಲೆ ನಡೆಯಬೇಕು. ಮಾಲೀಕನಿಗೇ ಮೊದಲು ಬ್ಯಾಸರಾಗುವುದರಿಂದ ಶಾಸ್ತ್ರಕ್ಕೆ ಕೆಟ್ಟ ಹೆಸರು.

ಇಷ್ಟನ್ನೂ ಶಿರಹಟ್ಟಿಯ ಅಜ್ಜಿಯೊಬ್ಬರ ಮುಂದೆ ಮಂಡಿಸಲಾಯಿತು. “ಗುರ್ತ ಮಾಡ್ಸಾಕ ಅವೇನ್ ಬೀಗರೇನೋ ತಮ್ಮಾ? ಇಪ್ಪತ್ತೊಂದ್ ದಿನ ಕಾವಿಗೆ ಕುಂತು ಮರಿ ಎಬ್ಬಿಸಿದ ಹ್ಯಾಟಿ ಮುಂದ ಬಿಡು. ಮೂಗಿಗೆ ಕುಕ್ಕಿಸ್ಕೊಂಡ್ರ ತಾನಽ ತಿಳೀತೈತಿ” ಎಂದರು.

ಈ ಸೂತ್ರ ಕುನ್ನಿಗೆ ಮಾತ್ರ ಅನ್ವಯ, ಬೆಳೆದ ನಾಯಿಗಲ್ಲ ಎಂದು ನಾವು ಭಾಷ್ಯ ಬರೆದೆವು. ಅಜ್ಜಿಯ ಮನೆಯ ಕುನ್ನಿ ಈಗ ಮರಿಗಳ ಕಡೆ ಹಣಕಿಯೂ ನೋಡುವುದಿಲ್ಲ. ಆದರೆ ಅದೇ ಹ್ಯಾಟಿ ದಿನಾ ನಾಯಿಯ ತಾಟಿಗೇ ಬಾಯಿ ಹಾಕುತ್ತಿದೆ. ಆ ಪ್ರಕರಣವನ್ನು ಎರಡನೆಯ ಸಂಪುಟಕ್ಕೆ ಕಾಯ್ದಿರಿಸಿದೆ.