ವ್ಯಸನಮುಕ್ತ ಫ್ಲೆಕ್ಸಿನ ಜೊತೆ ಎರಡು ಮಾತು

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ಈ ದಾರಿಯ ಚಹಾದಂಗಡಿಯೊಂದರ ತಗಡು ಸೋರದಂತೆ ಹಳೇ ಫ್ಲೆಕ್ಸ್ ಹೊದಿಸಿದ್ದಾರೆ. 'ಶಾಲಾ ಮಕ್ಕಳಿಗೆ ಮದ್ಯಪಾನ ವಿರೋಧಿ ಜಾಗೃತಿ ಕಾರ್ಯಕ್ರಮ' ಎಂಬ ಅಕ್ಷರಗಳು ಅದರ ಮೇಲೆ ಇನ್ನೂ ಮಾಸಿಲ್ಲ. ಅನುಭವಿ ಎನಿಸಿತು, ಮಾತಿಗಿಳಿದೆವು.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ?

ಫ್ಲೆಕ್ಸ್: ನಮಸ್ಕಾರ್ರೀ. ಹನ್ನೆರಡು ಫೂಟು ಉದ್ದ, ಎಂಟು ಫೂಟು ಅಗಲ. ಮುಕ್ಕಾಲು ಪಾಲು ಮುಖಂಡರ ಮುಖ. ಉಳಿದ ಜಾಗದಾಗ ಕುಡಿತದ ಹಾನಿ.

ಪ್ರಶ್ನೆ: ಮೂರೂ ತಾಲ್ಲೂಕು ಸುತ್ತಿದ್ದೀರಂತೆ?

ಫ್ಲೆಕ್ಸ್: ಸ್ಟಿಕರ್ ಪುಣ್ಯಾರೀ. ಸಿಂಧನೂರಿನ ಮ್ಯಾಲ ಮಸ್ಕಿ ಹಚ್ಚಿದ್ರು, ಮಸ್ಕಿ ಮ್ಯಾಲ ಲಿಂಗಸುಗೂರು. ತಾರೀಖೂ ಹಂಗ. ಜೂನ್ 26 ಮಾದಕ ವಸ್ತು ವಿರೋಧಿ ದಿನ, ಆಗಸ್ಟ್ 1 ವ್ಯಸನಮುಕ್ತ ದಿನ, ಅಕ್ಟೋಬರ್ 2 ಗಾಂಧಿ ಜಯಂತಿ. ಉಳಿದ 362 ದಿನ ನನಗ ಕೆಲಸ ಇಲ್ಲ. ಮಾರೋರಿಗೆ ರಜಾ ಇಲ್ಲ.

ಪ್ರಶ್ನೆ: ಆಗಸ್ಟ್ 1ರ ವಿಶೇಷವೇನು?

ಫ್ಲೆಕ್ಸ್: ಇಳಕಲ್ಲಿನ ಮಹಾಂತ ಶಿವಯೋಗಿಗಳು ಹುಟ್ಟಿದ ದಿನ. ಮುದಗಲ್ ದಾಟಿದ್ರ ಇಳಕಲ್ಲು, ನಮಗ ದೂರ ಅಲ್ಲ. ಜೋಳಿಗೆ ಹಿಡಕೊಂಡು ಊರೂರು ತಿರುಗಿದವರು. ದುಡ್ಡು ಬ್ಯಾಡ, ದವಸ ಬ್ಯಾಡ, ನಿಮ್ಮ ಚಟ ಹಾಕ್ರಿ ಅಂತ ಬೇಡಿದವರು. ಆದ್ರ ಒಂದು ಫರಕು ನೋಡ್ರಿ. ಅವರು ಜೋಳಿಗೆ ಒಡ್ಡಿದ್ದು ಚಟ ಇದ್ದವರ ಮುಂದ. ನಾವು ಒಡ್ಡೋದು ಇನ್ನೂ ಚಟ ಹತ್ತದ ಎಂಟನೇ ಈಯತ್ತೆ ಹುಡುಗರ ಮುಂದ.

ಪ್ರಶ್ನೆ: ಮಕ್ಕಳಿಗೆ ಮೊದಲೇ ಹೇಳುವುದು ಒಳ್ಳೆಯದಲ್ಲವೇ?

ಫ್ಲೆಕ್ಸ್: ಒಳ್ಳೇದರೀ, ಹೇಳಲೇಬೇಕು. ಹತ್ತಕ್ಕ ಅಂದ ಕಾರ್ಯಕ್ರಮ ಹನ್ನೆರಡಕ್ಕ ಶುರು. ಮಕ್ಕಳು ಬಲಗೈ ಚಾಚಿ ಕಿವಿ ಗಡಚಿಕ್ಕುವಂಗ ಪ್ರತಿಜ್ಞೆ ಮಾಡಿದ್ರು. ವೇದಿಕಿ ಮ್ಯಾಗಿನವರು ತುಟಿ ಅಷ್ಟ ಆಡಿಸಿದ್ರು. ಏನರ ಕೇಳೋದಿದ್ರ ಕೇಳ್ರಿ ಅಂದಾಗ ಒಬ್ಬ ಹುಡುಗ ಎದ್ದ: 'ಸರ್, ನಮ್ಮಪ್ಪ ದಿನಾ ರಾತ್ರಿ ಪಾಕೀಟು ತರಾಕ ನನ್ನನ್ನ ಕಳಸ್ತಾನ. ಹೋಗಲೋ ಬ್ಯಾಡೋ?'

ಪ್ರಶ್ನೆ: ಏನು ಉತ್ತರ ಸಿಕ್ಕಿತು?

ಫ್ಲೆಕ್ಸ್: ಸಮಯದ ಅಭಾವದಿಂದ ವಂದನಾರ್ಪಣೆ ಆತು.

ಪ್ರಶ್ನೆ: ಮಕ್ಕಳಿಂದ ಮದ್ಯ ತರಿಸುವುದರ ವಿರುದ್ಧ ಕಾನೂನು ಇದೆಯಲ್ಲ?

ಫ್ಲೆಕ್ಸ್: ಐತಿ, ಭಾಳ ಬಿಗಿ ಐತಿ. 2015ರ ಬಾಲನ್ಯಾಯ ಕಾಯ್ದೆ. ಮಗುವಿಗೆ ಮದ್ಯ ಕೊಟ್ರ 77ನೇ ಕಲಂ. ಮಗುವಿನ ಕೈಲಿಂದ ಮದ್ಯ ಹೊರಿಸಿದ್ರ, ಮಾರಿಸಿದ್ರ 78ನೇ ಕಲಂ. ಎರಡಕ್ಕೂ ಏಳು ವರ್ಷದ ತನಕ ಕಠಿಣ ಸಜಾ, ಒಂದು ಲಕ್ಷದ ತನಕ ದಂಡ. ಆದ್ರ ಈ ಕಲಂ ನನ್ನ ಮ್ಯಾಲ ಅಚ್ಚು ಹಾಕಸ್ಲಿಲ್ಲ. ಹಾಕಿಸಿದ್ರ ಪಾಲಕರ ಸಭೆಗೆ ಯಾರು ಬರ್ತಿದ್ರು?

ಪ್ರಶ್ನೆ: 21 ವರ್ಷ ತುಂಬದವರಿಗೆ ಮಾರುವಂತಿಲ್ಲ ಎಂಬ ನಿಯಮ ಅಂಗಡಿಗಳಿಗಾದರೂ ಗೊತ್ತಿರಬೇಕು.

ಫ್ಲೆಕ್ಸ್: 1967ರ ಅಬಕಾರಿ ನಿಯಮ ಅದು. 2023ರ ಜನವರಿಯಾಗ ಅದನ್ನ 18ಕ್ಕ ಇಳಿಸಾಕ ಸರ್ಕಾರ ಕರಡು ಹೊರಡಿಸಿತ್ತು. ಜನ ಬೈದ ಮ್ಯಾಲ ಅದೇ ತಿಂಗಳು ಹಿಂದಕ್ಕ ತಗೊಂಡ್ತು. ಬಾಕಿ ಏನ ಇರಲಿ, ಲೈಸೆನ್ಸ್ ಇದ್ದವನಿಗೆ ನಿಯಮ. ಹಳ್ಳಿ ಕಿರಾಣಿ ಅಂಗಡಿಗೆ ಲೈಸೆನ್ಸ ಇಲ್ಲ. ಹಂಗಾಗಿ ಲೈಸೆನ್ಸಿನ ನಿಯಮ ಮುರದಾನ ಅಂತ ಅವನ ಮ್ಯಾಲ ಯಾರೂ ಹೇಳಂಗಿಲ್ಲ.

ಪ್ರಶ್ನೆ: ಶಾಲೆಯಿಂದ 100 ಮೀಟರ್ ದೂರವಿರಬೇಕು ಎಂಬುದು?

ಫ್ಲೆಕ್ಸ್: ಟೇಪು ಹಿಡಿಯೋದು ಬೋರ್ಡ್ ಇದ್ದ ಅಂಗಡಿಗೆ. ಶಾಲಿ ಗೇಟಿನ ಮುಂದ ಬಿಸ್ಕೀಟು, ಪೆಪ್ಪರಮೆಂಟು ಮಾರೋ ಅಂಗಡಿಯ ಹಿಂದಿನ ಡಬ್ಬಿಗೆ ಟೇಪು ಮುಟ್ಟಂಗಿಲ್ಲ. 2007ರ ಜುಲೈ 1ಕ್ಕ ಸಾರಾಯಿ ಬಂದ್ ಆತು ಅಂತ ಹೆಣ್ಣುಮಕ್ಕಳು ಖುಷಿಪಟ್ರು. ಆಮ್ಯಾಲ 90 ಎಂ.ಎಲ್. ಟೆಟ್ರಾ ಪಾಕೀಟು ಹಳ್ಳಿ ಹೊಕ್ತು. ಹುಡುಗರ ಚಡ್ಡಿ ಕಿಸೆದಾಗ ಹಿಡಿಯುವಂಗ ಅದರ ಅಳತಿ.

ಪ್ರಶ್ನೆ: ಈ ಅಂಗಡಿಯಲ್ಲಿ ಚಹಾ ಮಾತ್ರ ತಾನೇ?

ಫ್ಲೆಕ್ಸ್: ನನ್ನ ಮುಂದಿನ ಪಾಲಿನ ಕೆಳಗ ಚಹಾ. ಹಿಂದಿನ ಪಾಲಿನ ಕೆಳಗ ಏನು ಅಂತ ಕೇಳಬ್ಯಾಡ್ರಿ, ನೆರಳು ಕೊಟ್ಟವನ ಮರ್ಯಾದಿ ಪ್ರಶ್ನೆ.

ಪ್ರಶ್ನೆ: ಸರ್ಕಾರಕ್ಕೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ ಎನ್ನುತ್ತೀರಾ?

ಫ್ಲೆಕ್ಸ್: ಛೇ ಛೇ, ಎರಡೂ ಕಡೆ ಕಾಳಜಿ ಐತಿ! ಎಂ.ಎಸ್.ಐ.ಎಲ್. ನೋಡ್ರಿ, ಸರ್ಕಾರದ್ದ ಸಂಸ್ಥೆ. ಮಕ್ಕಳಿಗೆ 'ಲೇಖಕ್' ನೋಟ್‌ಬುಕ್ಕು, ಅಪ್ಪಗ ಮದ್ಯದ ಮಳಿಗಿ. ಮಗ ನೋಟ್‌ಬುಕ್ಕಿನಾಗ ಪ್ರತಿಜ್ಞೆ ಬರದುಕೊಂಡು ಮನಿಗೆ ಬರೋದ್ರೊಳಗ ಅಪ್ಪನ ಲೆಕ್ಕ ಮುಗದಿರ್ತೈತಿ. ಸಂಸ್ಥೆಗೆ ಎರಡೂ ಕಡೆ ವ್ಯಾಪಾರ.

ಪ್ರಶ್ನೆ: ಹಾಗಾದರೆ ಈ ಜಾಗೃತಿಯೆಲ್ಲ ವ್ಯರ್ಥವೇ?

ಫ್ಲೆಕ್ಸ್: ಹಂಗ ಅಂದೆನೇನ್ರಿ? ದೊಡ್ಡವರನ್ನ ಎದುರಿಗೆ ಕೂಡಿಸಿದ ಕೆಲಸ ಎಲ್ಲಾ ತಾಗ್ಯಾವ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರದಾಗ ಕುಡಿಯೋ ಗಂಡಸ ಬಂದು ಕೂಡ್ರತಾನ, ಶಿಬಿರ ಮುಗದ ಮ್ಯಾಲೂ ನವಜೀವನ ಸಮಿತಿ ಅವನ ಬೆನ್ನು ಬಿಡಂಗಿಲ್ಲ. ಮಕ್ಕಳ ಗ್ರಾಮಸಭೆಯಾಗ ಹುಡುಗರೇ ಪಿಡಿಓ ಅವರನ್ನ ನಿಲ್ಲಿಸಿ ನಮ್ಮ ಓಣ್ಯಾಗ ಎಣ್ಣಿ ಮಾರ್ತಾರ, ಬಂದ್ ಮಾಡಿಸ್ರಿ ಅಂತ ಕೇಳಬಹುದು. ನಡಾವಳಿ ಪುಸ್ತಕದಾಗ ಬರೀಬೇಕಾಗ್ತೈತಿ. ರಾಯಚೂರು ಜಿಲ್ಲಾದ ಹೆಣ್ಣುಮಕ್ಕಳಂತೂ 2019ರ ಜನವರಿಯಾಗ ಉಳಿದ ಜಿಲ್ಲಾದವರ ಜೋಡಿ ಮದ್ಯ ಬಂದ್ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡದ್ರು. ಸರ್ಕಾರಕ್ಕ ಪ್ರತಿಜ್ಞೆ ಬೋಧಿಸಾಕ ಹೋದವರು ಅವರು.

ಪ್ರಶ್ನೆ: ಸರ್ಕಾರ ಪ್ರತಿಜ್ಞೆ ಮಾಡಿತೇ?

ಫ್ಲೆಕ್ಸ್: ಅಲ್ಲೂ ಸಮಯದ ಅಭಾವ.

ಪ್ರಶ್ನೆ: ನಿಮ್ಮ ವೃತ್ತಿಯಲ್ಲಿ ಗುರು ಎಂದು ಯಾರನ್ನಾದರೂ ನಂಬಿದ್ದೀರಾ?

ಫ್ಲೆಕ್ಸ್: ಮಸ್ಕಿ ಬಂಡಿಗಲ್ಲು. 1915ರಾಗ ಬಂಗಾರದ ಗಣಿ ಎಂಜಿನಿಯರ್ ಬೀಡನ್ ಸಾಹೇಬಗ ಸಿಕ್ಕ ಅಶೋಕನ ಶಾಸನ. ನಮ್ಮಂಗ ಊರ ಮುಂದ ನಿಂತು ಜನರಿಗೆ ಬುದ್ಧಿ ಹೇಳೋದ ಅದರ ಕೆಲಸಾನೂ. 2,200 ವರ್ಷ ದಾಟಿದ್ರೂ ಅದರ ಮ್ಯಾಲ ಯಾರೂ ಸ್ಟಿಕರ್ ಹಚ್ಚಿಲ್ಲ. ರಾಜನ ಮುಖ ಇಲ್ಲ, ಹೆಸರು ಅಷ್ಟ. ಸಣ್ಣವರಿಗೂ ಹೇಳಬೇಕು, ದೊಡ್ಡವರಿಗೂ ಹೇಳಬೇಕು ಅಂತ ಅದರಾಗ ಐತಿ. ನಾವು ಸಣ್ಣವರಿಗೆ ಹೇಳಿ ಮೈಕು ಆಫ್ ಮಾಡ್ತೀವಿ.

ಪ್ರಶ್ನೆ: ಅಲ್ಲಿ ಸಣ್ಣವರು, ದೊಡ್ಡವರು ಎಂದದ್ದು ವಯಸ್ಸಿನಲ್ಲಲ್ಲ, ಅಂತಸ್ತಿನಲ್ಲಿ.

ಫ್ಲೆಕ್ಸ್: ಇಲ್ಲೂ ಹಂಗರೀ. ಅಂತಸ್ತು ಇದ್ದವರಿಗೆ ಹೇಳೋ ಧೈರ್ಯ ಯಾರಿಗೈತಿ? ಅವರ ಫೋಟೋ ನನ್ನ ಮ್ಯಾಲ ಇರ್ತೈತಿ.

ಪ್ರಶ್ನೆ: ನಿಮ್ಮನ್ನು ಹೊಸದಾಗಿ ಅಚ್ಚು ಹಾಕಿಸಿದರೆ ಏನೇನು ಇರಬೇಕು?

ಫ್ಲೆಕ್ಸ್: ಮೊದಲು ಮುಖ ತಗೀರಿ. ಆ ಜಾಗದಾಗ 77, 78ನೇ ಕಲಂ ದೊಡ್ಡದಾಗಿ ಬರಲಿ. ಮಕ್ಕಳ ಸಹಾಯವಾಣಿ 1098 ಬರಲಿ. ಊರಾಗ ಕದ್ದು ಮಾರೋ ಅಂಗಡಿ ಯಾವ ತಾರೀಖಿಗೆ ಬಂದ್ ಮಾಡಿಸ್ತೀವಿ ಅಂತ ಎಸ್‌ಡಿಎಂಸಿ, ಪಂಚಾಯ್ತಿಯವರ ಸಹಿ ಬರಲಿ. ಮುಂದಿನ ಸಾಲಿನಾಗ ಅಪ್ಪಂದಿರು ಕೂಡ್ರಲಿ, ಬಲಗೈ ಅವರು ಚಾಚಲಿ, ಪ್ರತಿಜ್ಞೆ ಮಕ್ಕಳು ಬೋಧಿಸಲಿ.

ಪ್ರಶ್ನೆ: ಮುಖ ತೆಗೆದರೆ ಅಚ್ಚಿನ ಖರ್ಚು ಕೊಡುವವರು ಯಾರು?

ಫ್ಲೆಕ್ಸ್: ಅದಕ್ಕರೀ ನಾ ಇನ್ನೂ ಅಚ್ಚಾಗಿಲ್ಲ.